ಬಾಯ್ಸಿಯ ಬಾಸ್ಕ್ ಬೀದಿ, ಸಸ್ಯಾಹಾರಿಯ ಊಟ, ಗುಲಾಬಿ ತೋಟಗಳು: ಜೂನ್‌ನಲ್ಲಿ ಹೋಗುವವರಿಗೆ

ಪ್ರಶ್ನೆ: ಮಗಳು ಅಮೆರಿಕದ ಐಡಹೋ ರಾಜ್ಯದ ಬಾಯ್ಸಿಯಲ್ಲಿ ಮೆಮೊರಿ ಚಿಪ್ ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರ್. ಜೂನ್ ಮೊದಲ ವಾರ ನಾವಿಬ್ಬರೂ ಹೊರಟಿದ್ದೇವೆ, ಎರಡು ತಿಂಗಳು ಇರುತ್ತೇವೆ. ಅಲ್ಲಿನ ಬಾಸ್ಕ್ ಬೀದಿಯ ಬಗ್ಗೆ ಓದಿದ್ದೇನೆ. ಮಗಳು ಮಾತ್ರ "ಅದು ಹತ್ತು ನಿಮಿಷದ್ದಮ್ಮ, ಏನೂ ಇಲ್ಲ" ಅನ್ನುತ್ತಾಳೆ. ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ, ಯಜಮಾನರಿಗೆ ಮೊಟ್ಟೆ ಆಗುತ್ತದೆ. ನನಗೆ ತೋಟಗಳೆಂದರೆ ಪ್ರಾಣ, ಅವರಿಗೆ ಮಂಡಿನೋವು. ಹೇಗೆ ನೋಡಿದರೆ ಚೆನ್ನ? (ಮೈಸೂರಿನ ಓದುಗರು)

ಉತ್ತರ: ನಿಮ್ಮ ಮಗಳ ಮಾತು ಸುಳ್ಳಲ್ಲ. ಬಾಸ್ಕ್ ಎಂಬ ವಲಸೆ ಜನರ ಈ ಬೀದಿ, ಅಲ್ಲಿನವರ ಮಾತಿನಲ್ಲಿ ಬಾಸ್ಕ್ ಬ್ಲಾಕ್, ಗ್ರೋವ್ ಸ್ಟ್ರೀಟ್‌ನ ಒಂದೇ ಒಂದು ತುಂಡು. ಕ್ಯಾಪಿಟಲ್ ಬುಲೆವಾರ್ಡ್‌ನಲ್ಲಿ ಶುರುವಾಗಿ 6ನೇ ಬೀದಿಗೆ ಮುಗಿಯುತ್ತದೆ. ಭಾನುವಾರವೋ ಸೋಮವಾರವೋ ಹೋಗಿ ಹೊರಗಿನಿಂದ ನೋಡಿ ಬಂದರೆ ಹತ್ತು ನಿಮಿಷವೂ ಹಿಡಿಯದು, ಏಕೆಂದರೆ ಆ ಎರಡು ದಿನ ಅಲ್ಲಿನ ಬಾಸ್ಕ್ ಮ್ಯೂಸಿಯಂಗೆ ಬೀಗ. ಹೆಚ್ಚಿನವರು ವಾರಾಂತ್ಯ ಅಂತ ಭಾನುವಾರ ಹೋಗಿ, ಫಲಕದ ಮುಂದೆ ಫೋಟೊ ತೆಗೆಸಿಕೊಂಡು, "ಇಷ್ಟೇನಾ" ಅಂದುಕೊಂಡು ವಾಪಸಾಗುತ್ತಾರೆ. ನೀವು ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ಆರಿಸಿಕೊಳ್ಳಿ, ಬೆಳಿಗ್ಗೆ ಹತ್ತೂವರೆಗೆ ಅಲ್ಲಿರಿ. ಶನಿವಾರವೂ ತೆರೆದಿರುತ್ತದೆ, ಆದರೆ ಸಮಯ ಕಡಿಮೆ. ಹೊರಡುವ ಹಿಂದಿನ ದಿನ ಅವರ ಜಾಲತಾಣದಲ್ಲಿ ಅಂದಿನ ವೇಳೆ ನೋಡಿಕೊಳ್ಳಿ, ಹಳೆಯ ಮನೆಯೊಳಗೆ ಕರೆದೊಯ್ಯುವ ಮಾರ್ಗದರ್ಶಿಯ ಸುತ್ತು ಎಷ್ಟು ಗಂಟೆಗೆ ಎಂದು ಫೋನ್ ಮಾಡಿ ಕೇಳಿಸಿ. ಆ ಸುತ್ತು ತಪ್ಪಿದರೆ ಬೀದಿ ನೋಡಿಯೂ ನೋಡದಂತೆಯೇ.

ಬಾಸ್ಕರು ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಜನ. ಪಿರೆನೀಸ್ ಪರ್ವತದ ಪಶ್ಚಿಮದ ತುದಿ, ಬಿಸ್ಕೆ ಕೊಲ್ಲಿಯ ದಂಡೆ ಅವರ ನೆಲ. ಅವರ ಭಾಷೆ ಎವುಸ್ಕಾರಕ್ಕೆ ಜಗತ್ತಿನ ಬೇರಾವ ಜೀವಂತ ಭಾಷೆಯ ಜೊತೆಗೂ ನಂಟು ಸಿಕ್ಕಿಲ್ಲ. ಬಾಯ್ಸಿಗೆ ಬಂದವರಲ್ಲಿ ಬಹುಪಾಲು ಬಿಸ್ಕಾಯಾ ಪ್ರಾಂತದವರು, ಗೆರ್ನಿಕಾ, ಲೆಕೆಯ್ಟಿಯೊ ಸುತ್ತಿನ ಹಳ್ಳಿಗಳಿಂದ ಬಂದವರು. ಹುಟ್ಟಾ ಕುರುಬರಾಗಿದ್ದರಿಂದ ಇಲ್ಲಿ ಕುರಿ ಕಾಯಲು ಬಂದರು ಎಂಬ ಮಾತನ್ನು ಬಹಳ ಕಡೆ ಕೇಳುವಿರಿ. ಅದು ಪೂರ್ತಿ ಸರಿಯಲ್ಲ. ಬಂದವರಲ್ಲಿ ಹೆಚ್ಚಿನವರು ರೈತರ ಮತ್ತು ಮೀನುಗಾರರ ಮಕ್ಕಳು. ಅಲ್ಲಿನ ಪದ್ಧತಿಯಂತೆ ಹೊಲಮನೆ ಒಡೆಯದೆ ಒಬ್ಬ ಮಗುವಿಗೆ ಹೋಗುತ್ತಿತ್ತು, ಉಳಿದವರು ಬೇರೆ ದಾರಿ ನೋಡಿಕೊಳ್ಳಬೇಕಿತ್ತು. ಐಡಹೋ, ನೆವಾಡಾ, ಒರೆಗಾನ್‌ಗಳ ಬಯಲಲ್ಲಿ ಕುರಿ ಕಾಯಲು ಇಂಗ್ಲಿಷ್ ಬೇಕಿರಲಿಲ್ಲ, ಒಂಟಿತನ ತಾಳುವ ಗಟ್ಟಿ ಮನಸ್ಸು ಬೇಕಿತ್ತು. 19ನೇ ಶತಮಾನದ ಕೊನೆಯಲ್ಲಿ ಶುರುವಾದ ಈ ಬರವು 1920ರ ದಶಕದ ವಲಸೆ ಕಾನೂನಿನಿಂದ ಕುಗ್ಗಿತು. 1934ರ ಟೇಲರ್ ಮೇವು ಕಾಯಿದೆ ಸರ್ಕಾರಿ ಹುಲ್ಲುಗಾವಲಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ, ಸ್ವಂತ ಜಮೀನಿಲ್ಲದೆ ಮಂದೆ ಅಲೆದಾಡಿಸುವ ಕಸುಬೇ ಮುಗಿಯಿತು.

ಇಷ್ಟು ತಿಳಿದುಕೊಂಡು ಗ್ರೋವ್ ಸ್ಟ್ರೀಟ್‌ನ 607ನೇ ನಂಬರಿನ ಮನೆಗೆ ಹೋಗಿ. 1864ರಲ್ಲಿ ಸೈರಸ್ ಜೇಕಬ್ಸ್ ಎಂಬ ವ್ಯಾಪಾರಿ ಕಟ್ಟಿಸಿದ್ದು, ಊರಿನಲ್ಲಿ ಉಳಿದಿರುವ ಅತಿ ಹಳೆಯ ಇಟ್ಟಿಗೆ ಮನೆ ಎನ್ನುತ್ತಾರೆ. 1910ರಿಂದ ಅದು ಬಾಸ್ಕರ ವಸತಿಮನೆಯಾಯಿತು. 1917ರಿಂದ ಉಬೆರುವಾಗಾ ಕುಟುಂಬ ಬಾಡಿಗೆಗೆ ನಡೆಸಿತು, 1928ರಲ್ಲಿ ಕೊಂಡುಕೊಂಡಿತು, 1969ರವರೆಗೂ ಅಲ್ಲೇ ಇತ್ತು. ವರ್ಷದ ಹೆಚ್ಚು ಕಾಲ ಗುಡ್ಡದಲ್ಲಿರುವ ಕುರಿಗಾಹಿಗೆ ಪೇಟೆಯಲ್ಲಿ ಇದ್ದದ್ದು ಇದೊಂದೇ ವಿಳಾಸ. ಹಿಂದೆ ಮುಂಬೈಗೆ ಹೋದ ನಮ್ಮವರಿಗೆ ಊರಿನವರ ಖಾನಾವಳಿ ಹೇಗಿತ್ತೋ ಹಾಗೆ. ಕಾಗದ ಬರುವುದು ಇಲ್ಲಿಗೆ, ಚಳಿಗಾಲದಲ್ಲಿ ಕೆಲಸವಿಲ್ಲದಾಗ ತಂಗುವುದು ಇಲ್ಲಿ, ಕಾಯಿಲೆ ಬಿದ್ದರೆ ಒಡತಿಯೇ ಡಾಕ್ಟರ ಮುಂದೆ ದುಭಾಷಿ. ಅಡುಗೆ, ಬಟ್ಟೆ ಒಗೆತಕ್ಕೆಂದು ಊರಿನಿಂದ ಕರೆಸಿಕೊಂಡ ಹುಡುಗಿಯರು ಬಹಳ ಕಾಲ ಕೆಲಸದವರಾಗಿ ಉಳಿಯುತ್ತಿರಲಿಲ್ಲ, ಮದುವೆಯಾಗಿ ಹೋಗುತ್ತಿದ್ದರು. ಬಾಯ್ಸಿಯ ಎಷ್ಟೋ ಬಾಸ್ಕ್ ಮನೆತನಗಳ ಬುಡ ಇಂಥ ಊಟದ ಮೇಜುಗಳಲ್ಲಿದೆ. ಒಳಗೆ ಹೋದಾಗ ಮಲಗುವ ಕೋಣೆಗಳ ಅಳತೆ ನೋಡಿ, ಒಂದೊಂದರಲ್ಲಿ ಎಷ್ಟು ಜನ ಮಲಗುತ್ತಿದ್ದರು ಎಂದು ಕೇಳಿ. ಜಗಲಿ ದುರಸ್ತಿ ಮಾಡುವಾಗ ಅದರ ಕೆಳಗೆ ಸಿಕ್ಕಿದ ಹಳೆಯ ಬಾವಿಯ ಕಥೆಯನ್ನೂ ಕೇಳಿ. 2012ರಲ್ಲಿ ಅಗೆದಾಗ ಬಾಟಲಿ, ಪಿಂಗಾಣಿ, ಗೊಂಬೆಯ ಚೂರುಗಳಂಥ ಮನೆಬಳಕೆಯ ರಾಶಿ ಹೊರಬಂತು.

1983ರಲ್ಲಿ ಅಡೀಲಿಯಾ ಗಾರೊ ಸಿಂಪ್ಲಾಟ್ ಎಂಬವರು ಈ ಮನೆಯನ್ನು ಕೊಂಡು ಉಳಿಸದಿದ್ದರೆ ಬೀದಿಯ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಪಕ್ಕದಲ್ಲೇ ಇರುವ ಬಾಸ್ಕ್ ಮ್ಯೂಸಿಯಂ 1985ರದ್ದು. ಮನೆಯ ಮುಂದಿನ ಓಕ್ ಮರವನ್ನು ಗಮನಿಸದೆ ಹೋಗಬೇಡಿ. ಗೆರ್ನಿಕಾದಲ್ಲಿ ಬಾಸ್ಕರ ಸಭೆ ಸೇರುತ್ತಿದ್ದ ಪ್ರಸಿದ್ಧ ಓಕ್ ಮರದ ಸಂತತಿ ಅದು.

ಅಲ್ಲಿಂದ ನಾಲ್ಕು ಹೆಜ್ಜೆಗೆ 1914ರ ಅಂಡುವಿಸಾ ಕಟ್ಟಡ. ಹೊರಗಿನಿಂದ ಗೋದಾಮಿನಂತೆ ಕಾಣುವುದರಿಂದ ಬಹಳ ಜನ ದಾಟಿ ಹೋಗುತ್ತಾರೆ. ಒಳಗೆ ಫ್ರೊಂಟೊನ್ ಇದೆ, ಎಂದರೆ ಗೋಡೆಗೆ ಚೆಂಡು ಹೊಡೆಯುವ ಪೆಲೋಟಾ ಆಟದ ಎತ್ತರದ ಗೋಡೆಯ ಅಂಕಣ. ವಸತಿಮನೆಯ ನಡುವೆಯೇ ಆಟದ ಅಂಕಣ, ಸುತ್ತ ಕೋಣೆಗಳು. ಇಂದಿಗೂ ಅಲ್ಲಿ ಆಡುತ್ತಾರೆ. ಮ್ಯೂಸಿಯಂನವರ ಸುತ್ತಿನಲ್ಲಿ ತೋರಿಸುತ್ತಾರೆಯೇ ಎಂದು ಮೊದಲೇ ಕೇಳಿ, ಬಾಗಿಲು ತೆರೆದಿದೆ ಎಂದು ನುಗ್ಗಬೇಡಿ. ಪೆಲೋಟಾ ಚೆಂಡು ಗಟ್ಟಿ, ಬರುವ ವೇಗವೂ ಜೋರು. ಮೂಲೆಯ 601ರಲ್ಲಿರುವುದು ಬಾಸ್ಕ್ ಸೆಂಟರ್, ಅಲ್ಲಿನ ಸಮುದಾಯದ ಕ್ಲಬ್. ಸಂಜೆ ಹೊತ್ತು ಹಿರಿಯರು ಮುಸ್ ಎಂಬ ಇಸ್ಪೀಟು ಆಡುವುದು ಕಂಡೀತು. ಯಜಮಾನರಿಗೆ ಇಸ್ಪೀಟಿನ ಆಸಕ್ತಿ ಇದ್ದರೆ ನೋಡಲಿ. ಇದು ನಾಲ್ವರು ಜೋಡಿಯಾಗಿ ಆಡುವ ಆಟ, ಜೊತೆಗಾರನಿಗೆ ಕಣ್ಣು ಬಾಯಿಗಳಲ್ಲಿ ಸನ್ನೆ ಮಾಡುವುದಕ್ಕೆ ನಿಯಮದಲ್ಲೇ ಅನುಮತಿ ಉಂಟು!

ಮಂಡಿನೋವಿನವರಿಗೆ ಈ ಬೀದಿ ಕಷ್ಟವಲ್ಲ, ನೆಲ ಸಮತಟ್ಟು. ಹಳೆಯ ಮನೆಯಲ್ಲಿ ಮಾತ್ರ ನಿಂತೇ ಕೇಳಬೇಕಾಗುತ್ತದೆ. ಎಲ್ಲ ಸೇರಿ ಎರಡು ಗಂಟೆ ಇಟ್ಟುಕೊಳ್ಳಿ.

ಇನ್ನು ಊಟ. ಇಲ್ಲಿ ನೇರವಾಗಿ ಹೇಳಿಬಿಡುತ್ತೇನೆ: ಬಾಯ್ಸಿಯ ಬಾಸ್ಕ್ ಅಡುಗೆ ಮಾಂಸದ ಅಡುಗೆ. ಮೂಲೆಯ ಬಾರ್ ಗೆರ್ನಿಕಾದ ಹೆಸರಾದ ತಿನಿಸುಗಳೆಂದರೆ ಕ್ರೊಕೆಟಾ, ಹಂದಿ ಮಾಂಸದ ಸೊಲೊಮೊ ಸ್ಯಾಂಡ್‌ವಿಚ್, ಕುರಿ ಮಾಂಸ, ಶನಿವಾರದ ದನದ ನಾಲಿಗೆ. ಮೇನ್ ಸ್ಟ್ರೀಟ್‌ನ ಆನ್ಸೊಟ್ಸ್ ಕೈಯಲ್ಲಿ ಮಾಡುವ ಚೊರಿಸೊ ಎಂಬ ಹಂದಿ ಮಾಂಸದ ಸಾಸೇಜಿಗೆ ಪ್ರಸಿದ್ಧ. ಹಾಗೆಂದು ನೀವು ಉಪವಾಸ ಬರಬೇಕಿಲ್ಲ, ಆದರೆ "ವೆಜಿಟೇರಿಯನ್" ಎಂಬ ಒಂದು ಮಾತನ್ನು ನಂಬಿ ಕೂರಬೇಡಿ. ಮಾಂಸ ಕಣ್ಣಿಗೆ ಕಾಣದ ಜಾಗಗಳಲ್ಲೇ ತೊಂದರೆ.

ಕ್ರೊಕೆಟಾ ನೋಡಲು ಆಲೂ ಬೋಂಡದ ಹಾಗಿದ್ದರೂ ಒಳಗಿರುವುದು ಬೆಣ್ಣೆ, ಮೈದಾ, ಹಾಲು ಕಾಯಿಸಿ ಗಟ್ಟಿ ಮಾಡಿದ ಹೂರಣ, ಅದರಲ್ಲಿ ಸಾಮಾನ್ಯವಾಗಿ ಸಣ್ಣಗೆ ಹೆಚ್ಚಿದ ಕೋಳಿ ಅಥವಾ ಹ್ಯಾಮ್ ಎಂಬ ಹಂದಿ ಮಾಂಸ. ಮೇಲೆ ಮೊಟ್ಟೆ ಮತ್ತು ಬ್ರೆಡ್ ಪುಡಿಯ ಲೇಪ. ಅದೇ ಎಣ್ಣೆಯಲ್ಲಿ ಆಲೂಗಡ್ಡೆ ಫ್ರೈಸ್ ಕರಿಯುತ್ತಾರೆಯೇ ಎಂದು ಕೇಳಬೇಕು. ಕಡಲೆಕಾಳಿನ ಅಥವಾ ಕೆಂಪು ಬೀನ್ಸ್ ಕಾಳಿನ ಸೂಪಿನಲ್ಲಿ ಚೊರಿಸೊ ತುಂಡು ತೆಗೆದುಕೊಟ್ಟರೂ ಕುದಿಸುವಾಗಲೇ ಅದರ ಕೊಬ್ಬು ಇಳಿದಿರುತ್ತದೆ. ಈರುಳ್ಳಿ ಜಾತಿಯ ಲೀಕ್ ಮತ್ತು ಆಲೂಗಡ್ಡೆಯ ಸೂಪು ಪೊರುಸಾಲ್ಡಾ ಮೂಲದಲ್ಲಿ ತರಕಾರಿಯದ್ದೇ, ಆದರೆ ಉಪ್ಪುಮೀನು ಸೇರಿಸುವವರುಂಟು. ಕೆಂಪು ಪಿಕಿಯೊ ಮೆಣಸಿನಕಾಯಿಯ ಹೊಟ್ಟೆಯಲ್ಲಿ ಮೀನು ತುಂಬಿರಬಹುದು. ಹಸಿರು ಆಲಿವ್ ಒಳಗೆ ಆಂಚೊವಿ ಮೀನಿನ ಪೇಸ್ಟ್ ಇರುವುದು ಸ್ಪೇನ್ ಕಡೆ ತೀರ ಮಾಮೂಲು. ಇದಿಯಸಾಬಲ್ ಎಂಬ ಬಾಸ್ಕ್ ಚೀಸ್ ಕುರಿ ಹಾಲಿನದು, ಆದರೆ ಹಾಲು ಹೆಪ್ಪುಗಟ್ಟಿಸಲು ಕುರಿಮರಿಯ ಜಠರದ ರೆನೆಟ್ ಬಳಸುವುದು ಸಂಪ್ರದಾಯ. ಇದನ್ನು ಕಟ್ಟುನಿಟ್ಟಾಗಿ ನೋಡುವವರಾದರೆ ನೀವು ಬಿಡಬೇಕು. ಪಯೆಯ್ಯಾ ಅನ್ನವನ್ನು ಬಾಸ್ಕ್ ಮಾರ್ಕೆಟ್ ಅಂಗಡಿಯವರು ಹೊರಾಂಗಣದಲ್ಲಿ ಆಳೆತ್ತರದ ಹಬೆ ಏಳುವಂತೆ ದೊಡ್ಡ ಬಾಣಲೆಯಲ್ಲಿ ಬೇಯಿಸುತ್ತಾರೆ, ನೋಡುವುದಕ್ಕೇ ಸೊಗಸು. ಆದರೆ ಕೋಳಿ ಅಥವಾ ಮೀನಿನ ಸಾರಿನಲ್ಲಿ ಅಕ್ಕಿ ಬೇಯುವುದರಿಂದ ತುಂಡುಗಳನ್ನು ಆರಿಸಿ ಪಕ್ಕಕ್ಕಿಟ್ಟು ತಿನ್ನುವ ಉಪಾಯ ನಡೆಯದು. (ಪಯೆಯ್ಯಾ ಮೂಲತಃ ವಲೆನ್ಸಿಯಾದ್ದು, ಬಾಸ್ಕರದ್ದಲ್ಲ.)

ಹಾಗಾದರೆ ತಿನ್ನುವುದೇನು? ಯಜಮಾನರಿಗೆ ತೊರ್ತಿಯಾ ಸಿಕ್ಕರೆ ಅದೇ ಒಳ್ಳೆಯ ಆಯ್ಕೆ. ಇದು ಮೆಕ್ಸಿಕೊದ ರೊಟ್ಟಿಯಲ್ಲ. ಮೊಟ್ಟೆ, ಆಲೂಗಡ್ಡೆ, ಈರುಳ್ಳಿ, ಆಲಿವ್ ಎಣ್ಣೆ ಸೇರಿಸಿ ಮಾಡಿದ ದಪ್ಪ ಬಿಲ್ಲೆ. ಮಾಂಸ ಸೇರಿಸಿಲ್ಲ ತಾನೆ ಎಂದು ಒಂದು ಮಾತು ಕೇಳಿ. ನಿಮಗೆ ಬ್ರೆಡ್, ಹುರಿದ ಮೆಣಸಿನಕಾಯಿ, ಸಲಾಡ್, ಕೊನೆಗೆ ಅಕ್ಕಿ ಪಾಯಸ. ಹಾಲು, ಅಕ್ಕಿ, ಸಕ್ಕರೆ, ದಾಲ್ಚಿನ್ನಿ, ನಿಂಬೆ ಸಿಪ್ಪೆ ಹಾಕಿ ಮಾಡುವ ಈ ಪಾಯಸಕ್ಕೆ ಸಾಮಾನ್ಯವಾಗಿ ಮೊಟ್ಟೆ ಬೀಳುವುದಿಲ್ಲ, ತಣ್ಣಗೆ ಕೊಡುತ್ತಾರೆ. ಫ್ಲಾನ್ ಎಂಬ ಕಸ್ಟರ್ಡ್, ಬಾಸ್ಕ್ ಕೇಕ್, ಈಗ ಎಲ್ಲೆಡೆ ಸಿಗುವ ಸುಟ್ಟ ಮೇಲ್ಮೈಯ ಚೀಸ್‌ಕೇಕ್ ಮೂರರಲ್ಲೂ ಮೊಟ್ಟೆ ಧಾರಾಳ. ಕೇಳುವಾಗ ಮೂರು ಪ್ರಶ್ನೆ ಬೇರೆಬೇರೆಯಾಗಿ ಕೇಳಿ: ಇದರಲ್ಲಿ ಹ್ಯಾಮ್ ಅಥವಾ ಚೊರಿಸೊ ಇದೆಯೇ, ಚಿಕನ್ ಸ್ಟಾಕ್ ಹಾಕಿದ್ದೀರಾ, ಮೊಟ್ಟೆ ಇದೆಯೇ. ಹನ್ನೆರಡರ ಜನಜಂಗುಳಿಗೆ ಮುಂಚೆ, ಹನ್ನೊಂದೂವರೆಗೆ ಕೂತರೆ ಉತ್ತರ ಕೊಡಲು ಅವರಿಗೂ ವ್ಯವಧಾನ ಇರುತ್ತದೆ.

ಬಾಸ್ಕ್ ರುಚಿ ನಿಜವಾಗಿ ತಿಳಿಯಬೇಕೆಂದರೆ ನನ್ನ ಸಲಹೆ ಬೇರೆ. ಬಾಸ್ಕ್ ಮಾರ್ಕೆಟ್‌ನಲ್ಲಿ ಒಳ್ಳೆಯ ಆಲಿವ್ ಎಣ್ಣೆ, ಪಿಮೆಂಟೋನ್ ಎನ್ನುವ ಸ್ಪೇನ್‌ನ ಕೆಂಪು ಮೆಣಸಿನ ಪುಡಿ ಕೊಂಡು, ಮಗಳ ಮನೆಯಲ್ಲಿ ಪಿಪೆರಾದಾ ಮಾಡಿ. ನಾಲ್ವರಿಗೆ ದೊಡ್ಡ ಈರುಳ್ಳಿ 2, ಹಸಿರು ಮತ್ತು ಕೆಂಪು ದಪ್ಪ ಮೆಣಸಿನಕಾಯಿ ಎರಡೆರಡು, ಟೊಮ್ಯಾಟೊ ಸುಮಾರು 600 ಗ್ರಾಂ, ಬೆಳ್ಳುಳ್ಳಿ 2 ಎಸಳು, ಆಲಿವ್ ಎಣ್ಣೆ 4 ದೊಡ್ಡ ಚಮಚ ಸಾಕು. ಟೊಮ್ಯಾಟೊವನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆದಿಟ್ಟುಕೊಳ್ಳಿ. ಉದ್ದಕ್ಕೆ ಹೆಚ್ಚಿದ ಈರುಳ್ಳಿಗೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕಾಲು ಗಂಟೆ, ಕೆಂಪಾಗದಂತೆ ಬಾಡಿಸಿ. ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಇನ್ನೊಂದು ಕಾಲು ಗಂಟೆ. ಆಮೇಲೆ ಟೊಮ್ಯಾಟೊ, ಚಿಟಿಕೆ ಸಕ್ಕರೆ ಹಾಕಿ, ಎಣ್ಣೆ ಬಿಡುವವರೆಗೆ ಇಪ್ಪತ್ತು ನಿಮಿಷ. ಪಿಮೆಂಟೋನ್ ಅರ್ಧ ಚಮಚವನ್ನು ಟೊಮ್ಯಾಟೊ ಬಿದ್ದ ಮೇಲೆಯೇ ಹಾಕಬೇಕು, ಬರಿ ಎಣ್ಣೆಗೆ ಹಾಕಿದರೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ನಮ್ಮ ಕೈ ಒಗ್ಗರಣೆಯ ಉರಿಗೆ ಒಗ್ಗಿದ್ದು, ಇಲ್ಲಿ ಕೆಡುವುದೂ ಅಲ್ಲೇ: ಉರಿ ಜೋರಾದರೆ ಮೆಣಸಿನಕಾಯಿಯ ಅಂಚು ಸುಟ್ಟು ಒಳಗೆ ಹಸಿ ಉಳಿಯುತ್ತದೆ, ಅದರ ಸಿಹಿ ಹೊರಬರುವುದೇ ಇಲ್ಲ. ನಿಮ್ಮ ಪಾಲು ತೆಗೆದಿಟ್ಟು, ಉಳಿದದ್ದಕ್ಕೆ ಎರಡು ಮೊಟ್ಟೆ ಒಡೆದು ಕಲಸಿದರೆ ಯಜಮಾನರಿಗೂ ಆಯಿತು. ಜೀರಿಗೆ, ಕೊತ್ತಂಬರಿ ಹಾಕುವ ಆಸೆಯನ್ನು ಮೊದಲ ಸಲ ತಡೆದುಕೊಳ್ಳಿ.

ತೋಟಗಳ ವಿಷಯಕ್ಕೆ ಬರುತ್ತೇನೆ. ನೀವು ಹೋಗುವ ಕಾಲ ಇದಕ್ಕೆ ಹೇಳಿ ಮಾಡಿಸಿದ್ದು. ಬಾಯ್ಸಿ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಮೇಲಿದೆ, ಹೆಚ್ಚುಕಡಿಮೆ ಮೈಸೂರಿನ ಎತ್ತರವೇ. ಆದರೆ ವರ್ಷದ ಮಳೆ 300 ಮಿಲಿಮೀಟರ್ ಆಸುಪಾಸು, ಅದೂ ಬೇಸಿಗೆಯಲ್ಲಿ ಬರುವುದಿಲ್ಲ. ಊರಿನ ಹಸಿರೆಲ್ಲ ಬಾಯ್ಸಿ ನದಿಯ ಅಣೆಕಟ್ಟು, ಕಾಲುವೆಗಳ ನೀರಿನದು. ಆದ್ದರಿಂದಲೇ ದೊಡ್ಡ ಪಾರ್ಕುಗಳು ನದಿಯ ಎರಡು ದಂಡೆಗೆ ಅಂಟಿಕೊಂಡಿವೆ, ಸುತ್ತಣ ಬೆಟ್ಟಗಳು ಜೂನ್ ಕೊನೆಗೇ ಒಣಗಿ ಹಳದಿಯಾಗುತ್ತವೆ. ಗುಲಾಬಿಗೆ ಈ ಒಣ ಹವೆ ವರ. ಎಲೆ ಮೇಲೆ ತೇವ ನಿಲ್ಲದ ಕಾರಣ ನಮ್ಮಲ್ಲಿ ಕಾಡುವ ಕಪ್ಪು ಚುಕ್ಕೆ ರೋಗ ಅಲ್ಲಿ ಕಡಿಮೆ. ಮೊದಲ ದೊಡ್ಡ ಹೂಬಿಡುವಿಕೆ ಜೂನ್ ಮೊದಲ ಎರಡು ವಾರ. ವಿಮಾನದ ದಣಿವು ಆರಿದ ಕೂಡಲೇ ಹೋಗಿ, ಜುಲೈಗೆ ಮುಂದೂಡಬೇಡಿ. ಬಿಸಿಲು 35 ಡಿಗ್ರಿ ದಾಟಿದ ಮೇಲೆ ಹೂ ಚಿಕ್ಕದಾಗುತ್ತದೆ, ಬಣ್ಣ ಬೇಗ ಮಾಸುತ್ತದೆ.

ಬಾಸ್ಕ್ ಬೀದಿಯಿಂದ ಕ್ಯಾಪಿಟಲ್ ಬುಲೆವಾರ್ಡ್ ಹಿಡಿದು ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ಜೂಲಿಯಾ ಡೇವಿಸ್ ಪಾರ್ಕ್. 1907ರಲ್ಲಿ ಟಾಮ್ ಡೇವಿಸ್ ತೀರಿಹೋದ ಹೆಂಡತಿಯ ನೆನಪಿಗೆ ಊರಿಗೆ ಕೊಟ್ಟ ನೆಲ. ಅದರೊಳಗಿನ ಗುಲಾಬಿ ತೋಟಕ್ಕೆ ಟಿಕೆಟ್ ಇಲ್ಲ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ, ಹಾಗಾಗಿ ಏಳು ಗಂಟೆಗೆ ಹೋದರೂ ಬೆಳಕು ಚೆನ್ನಾಗಿರುತ್ತದೆ. ಪರಿಮಳ ಬೇಕಾದರೆ ಮಾತ್ರ ಬೆಳಿಗ್ಗೆ ಎಂಟರೊಳಗೆ ಹೋಗಬೇಕು. ನದಿಯ ಪಕ್ಕದ ಗ್ರೀನ್‌ಬೆಲ್ಟ್ ದಾರಿ ಟಾರಿನದು, ಸಮತಟ್ಟು. ಬಲಬದಿಯಲ್ಲೇ ನಡೆಯಿರಿ. ಹಿಂದಿನಿಂದ "ಆನ್ ಯುವರ್ ಲೆಫ್ಟ್" ಎಂದು ಕೂಗಿದರೆ ಸೈಕಲ್ ಎಡಕ್ಕೆ ಬರುತ್ತಿದೆ ಎಂದರ್ಥ. ಗಾಬರಿಯಾಗಿ ಎಡಕ್ಕೇ ಸರಿಯುವುದು ನಮ್ಮವರ ಸಾಮಾನ್ಯ ತಪ್ಪು, ಇದ್ದಲ್ಲೇ ನೇರ ನಡೆಯಿರಿ.

ನದಿಯಾಚೆಗೆ 1959ರ ಆನ್ ಮಾರಿಸನ್ ಪಾರ್ಕ್ ಇದೆ, 153 ಎಕರೆ. ಕಾರಂಜಿ, ಹೂಪಾತಿಗಳಿವೆ, ಹುಲ್ಲುಹಾಸಿನಲ್ಲಿ ಕೆನಡಾ ಬಾತುಗಳ ಹಿಕ್ಕೆಯೂ ಧಾರಾಳ. ಅದರ ಎದುರಿಗಿರುವ ಕ್ಯಾಥ್ರಿನ್ ಆಲ್ಬರ್ಟ್‌ಸನ್ ಪಾರ್ಕ್ ಹಕ್ಕಿಗಳಿಗಾಗಿ ಕಾಡಿನಂತೆ ಬಿಟ್ಟ ಜಾಗ, ಕೊಳಗಳ ಸುತ್ತ ಸಣ್ಣ ದಾರಿ, ಅಲ್ಲಲ್ಲಿ ಬೆಂಚು. ಎರಡರಲ್ಲಿ ಒಂದೇ ಎಂದರೆ ನಾನು ಎರಡನೆಯದನ್ನು ಆರಿಸುತ್ತೇನೆ. ಈ ಮೂರೂ ಪಾರ್ಕುಗಳು ಗಂಡಂದಿರು ಹೆಂಡತಿಯರ ಹೆಸರಲ್ಲಿ ಕೊಟ್ಟವು.

ಐಡಹೋ ಬಟಾನಿಕಲ್ ಗಾರ್ಡನ್‌ಗೆ ಬೇರೊಂದು ಬೆಳಿಗ್ಗೆ ಬೇಕು. ಪೇಟೆಯಿಂದ ಪೂರ್ವಕ್ಕೆ ಸುಮಾರು ನಾಲ್ಕು ಕಿಲೊಮೀಟರ್, ಕಾರಿನಲ್ಲೇ ಹೋಗಿ. ದಾರಿಯಲ್ಲಿ ಸಿಗುವ ವಾರ್ಮ್ ಸ್ಪ್ರಿಂಗ್ಸ್ ಅವೆನ್ಯೂದ ಹಳೆಯ ಬಂಗಲೆಗಳಿಗೆ 1890ರ ದಶಕದಿಂದಲೂ ನೆಲದೊಳಗಿನ ಬಿಸಿನೀರಿನದೇ ಕಾವು. ತೋಟ 1984ರದ್ದು, ಖಾಸಗಿ ಲಾಭರಹಿತ ಸಂಸ್ಥೆ ನಡೆಸುವುದು, ಪ್ರವೇಶ ಶುಲ್ಕವಿದೆ. ಹಿರಿಯರ ರಿಯಾಯಿತಿ ಕೇಳಿ. ಗುಲಾಬಿ ತೋಟ, ಇಂಗ್ಲಿಷ್ ತೋಟ ಇವೆ, ಚೆನ್ನಾಗಿವೆ. ಆದರೆ ಲಾಲ್‌ಬಾಗ್, ಬೃಂದಾವನ ಕಂಡವರಿಗೆ ಹೊಸತೆನಿಸುವುದು ಹಿಂಬದಿಯ ಇಳಿಜಾರಿನ ಲೂಯಿಸ್ ಮತ್ತು ಕ್ಲಾರ್ಕ್ ತೋಟ. 1804ರಿಂದ 1806ರವರೆಗೆ ಅಮೆರಿಕ ಖಂಡ ದಾಟಿದ ಈ ಇಬ್ಬರು ಅನ್ವೇಷಕರ ತಂಡ ದಾರಿಯಲ್ಲಿ ಸಂಗ್ರಹಿಸಿದ ಗಿಡಗಳ ಜಾತಿಗಳನ್ನು ಅಲ್ಲಿ ಬೆಳೆಸಿದ್ದಾರೆ. ಜೂನ್ ಆರಂಭದಲ್ಲಿ ಸಿರಿಂಗಾ ಅರಳಿರುತ್ತದೆ. ಐಡಹೋದ ರಾಜ್ಯ ಪುಷ್ಪ, ನಾಲ್ಕು ಎಸಳಿನ ಬಿಳಿ ಹೂ, ಕಿತ್ತಳೆ ಹೂವಿನ ವಾಸನೆ. ಒಣ ಬಯಲಿನ ಪೊದೆಯಾದ ಸೇಜ್‌ಬ್ರಷ್‌ನ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ. ಕುರಿಗಾಹಿಗಳು ವರ್ಷವೆಲ್ಲ ಉಸಿರಾಡಿದ್ದು ಅದನ್ನೇ. ಇಳಿಜಾರಿನ ದಾರಿ ಏರುವುದರಿಂದ ಯಜಮಾನರು ಕೆಳಗಿನ ನೆರಳಲ್ಲಿ ಕೂತಿರಲಿ. ಒಂಬತ್ತಕ್ಕೆ ಹೋಗಿ ಹನ್ನೊಂದಕ್ಕೆ ಹೊರಬನ್ನಿ. ಬೇಸಿಗೆಯಲ್ಲಿ ಅಲ್ಲಿನ ಬಯಲಲ್ಲಿ ಸಂಗೀತ ಕಾರ್ಯಕ್ರಮಗಳಿರುತ್ತವೆ, ಆ ದಿನ ತೋಟ ಬೇಗ ಮುಚ್ಚುವುದುಂಟು, ಕಾರು ನಿಲ್ಲಿಸಲೂ ಜಾಗ ಸಿಗದು. ಮೊದಲೇ ವಿಚಾರಿಸಿ.

ಪಕ್ಕದಲ್ಲೇ ಹಳೆಯ ಸೆರೆಮನೆ. 1872ರಿಂದ 1973ರವರೆಗೆ ನಡೆದದ್ದು. ಕೈದಿಗಳೇ ಟೇಬಲ್ ರಾಕ್ ಗುಡ್ಡದಿಂದ ಮರಳುಗಲ್ಲು ಕಡಿದು ತಂದು ಕಟ್ಟಿದರು. ಅದರೊಳಗೂ ಒಂದು ಗುಲಾಬಿ ತೋಟವಿದೆ, ಒಂದು ಕಾಲದಲ್ಲಿ ಗಲ್ಲಿಗೇರಿಸುತ್ತಿದ್ದ ಜಾಗದಲ್ಲಿ. ಟಿಕೆಟ್ ಬೇರೆ, ಮೆಟ್ಟಿಲು ಬಹಳ.

ನನಗೆ ಮೆಚ್ಚಿನದು ಮಾತ್ರ ಸಣ್ಣದು, ರೈಲು ನಿಲ್ದಾಣದ ಪ್ಲಾಟ್ ಗಾರ್ಡನ್ಸ್. 1925ರಲ್ಲಿ ಗುಡ್ಡದ ಮೇಲೆ ಕಟ್ಟಿದ ಸ್ಪ್ಯಾನಿಷ್ ಶೈಲಿಯ ಡಿಪೋ ಅದು. 1997ರಲ್ಲಿ ಪ್ರಯಾಣಿಕರ ರೈಲು ನಿಂತ ಮೇಲೂ ಕಟ್ಟಡ ಉಳಿದಿದೆ. ಕೆಳಗಿನ ಇಳಿಜಾರಿನ ತೋಟವನ್ನು 1927ರಲ್ಲಿ ರಿಕಾರ್ಡೊ ಎಸ್ಪಿನೊ ರೂಪಿಸಿದರು. ಅಂಕುಡೊಂಕು ದಾರಿ, ಲಾವಾ ಕಲ್ಲು, ಮೀನಿನ ಕೊಳ. ಮೇಲೆ ನಿಂತರೆ ಕ್ಯಾಪಿಟಲ್ ಬುಲೆವಾರ್ಡ್ ನೇರವಾಗಿ ವಿಧಾನಸಭೆಯ ಗುಮ್ಮಟಕ್ಕೆ ಹೋಗುವುದು ಕಾಣುತ್ತದೆ. ಉಚಿತ. ಬಾಸ್ಕ್ ಬೀದಿಯಿಂದ ಸುಮಾರು ಎರಡು ಕಿಲೊಮೀಟರ್, ಕೊನೆಗೆ ಏರು. ಕಾರನ್ನು ಮೇಲೆ ಡಿಪೋ ಬಳಿಯೇ ನಿಲ್ಲಿಸಿದರೆ ಮಂಡಿಗೆ ಶ್ರಮವಿಲ್ಲ.

ಒಣ ಹವೆಯಲ್ಲಿ ಬೆವರು ಕಾಣದೆ ಆರುವುದರಿಂದ ನೀರು ಕುಡಿಯುವುದು ಮರೆಯುತ್ತದೆ, ಬಾಟಲಿ ಕೈಯಲ್ಲಿರಲಿ. ಜೂನ್‌ನಲ್ಲಿ ಹುಲ್ಲಿನ ಪರಾಗ ಜಾಸ್ತಿ, ಅಲರ್ಜಿ ಇದ್ದರೆ ಮಾತ್ರೆ ಒಯ್ಯಿರಿ. ಜುಲೈ ಕೊನೆ, ಆಗಸ್ಟ್‌ನಲ್ಲಿ ಕಾಳ್ಗಿಚ್ಚಿನ ಹೊಗೆ ಕವಿಯುವ ದಿನಗಳುಂಟು. ಅಂದು ವಾಯುಗುಣಮಟ್ಟದ ಸೂಚ್ಯಂಕ ನೋಡಿಯೇ ಹೊರಬೀಳಿ.

ವಾಪಸಿನ ಟಿಕೆಟ್ ಇನ್ನೂ ಮಾಡಿಸಿಲ್ಲವಾದರೆ ಜುಲೈ ಕೊನೆಯ ವಾರಾಂತ್ಯ ದಾಟಿಸಿಕೊಳ್ಳಿ. ಸಂತ ಇಗ್ನೇಷಿಯಸ್ ಹಬ್ಬಕ್ಕೆ ಅದೇ ಗ್ರೋವ್ ಸ್ಟ್ರೀಟ್‌ನಲ್ಲಿ ವಾಹನ ಸಂಚಾರ ತಡೆದು ಕುಣಿತ, ಭಾರ ಎತ್ತುವ ಪಂದ್ಯ ನಡೆಯುತ್ತವೆ. 1960ರಲ್ಲಿ ಶುರುವಾದ ಓಯ್ನ್ಕಾರಿ ತಂಡದ ಕೆಂಪು ಲಂಗ, ಬಿಳಿ ಉಡುಪಿನ ಕುಣಿತ ನೋಡಲು ಅದೇ ಸರಿಯಾದ ಸಂದರ್ಭ. ಐದು ವರ್ಷಕ್ಕೊಮ್ಮೆಯ ದೊಡ್ಡ ಜಾತ್ರೆ ಯಾಯಾಲ್ದಿ 2025ರಲ್ಲಿ ಆಗಿಹೋಗಿದೆ, ಅದಕ್ಕೆ ಕಾಯಬೇಡಿ. ಹಬ್ಬದ ದಿನ ಮಧ್ಯಾಹ್ನದ ಬಿಸಿಲು ತೀಕ್ಷ್ಣ, ಕೂರಲು ಜಾಗವೂ ಕಡಿಮೆ. ಮಗಳ ಕಾರಿನಲ್ಲಿ ಮಡಚುವ ಕುರ್ಚಿ ಎರಡು ಹಾಕಿಕೊಂಡು ಸಂಜೆ ಆರರ ಮೇಲೆ ಹೊರಡಿ, ಊಟ ಮನೆಯಲ್ಲೇ ಮುಗಿಸಿ.